ಅಪ್‌ಡೇಟ್: ಎಲ್ಲರಿಗೂ ಹೊಂದುವ ದ್ವೀಪ ಆಯ್ಕೆಯಾಯಿತು

ವಯಸ್ಸಾದ ತಂದೆತಾಯಿ, ಪುಟ್ಟ ಮಕ್ಕಳು ಹಾಗೂ ಚಾರಣಪ್ರಿಯನಾದ ತಮ್ಮ, ಇವರೆಲ್ಲರಿಗೂ ಹೊಂದುವ ಉಷ್ಣವಲಯದ ದ್ವೀಪ ಯಾವುದೆಂದು ಹಿಂದೆ ಕೇಳಿದ್ದೆ. ನಿಮ್ಮ ಸಲಹೆಗಳನ್ನೆಲ್ಲ ತೂಗಿ ನೋಡಿ ಮಾರಿಷಸ್ ಆರಿಸಿಕೊಂಡಿದ್ದೇವೆ. ಮಾಲ್ಡೀವ್ಸ್‌ನ ಪ್ರಶಾಂತತೆ ನನ್ನನ್ನು ಬಹಳವಾಗಿ ಸೆಳೆದಿತ್ತಾದರೂ, ಬೆಟ್ಟಗಳೇ ಇಲ್ಲದ ಆ ತಗ್ಗು ದ್ವೀಪಗಳಲ್ಲಿ ಚಾರಣಕ್ಕೆ ಅವಕಾಶವಿಲ್ಲ. ಮಾರಿಷಸ್‌ನ ಕರಾವಳಿಯ ಬಹುಭಾಗವನ್ನು ಸುತ್ತುವರಿದಿರುವ ಹವಳದ ದಿಬ್ಬಗಳು ದೊಡ್ಡ ಅಲೆಗಳನ್ನು ದೂರದಲ್ಲೇ ತಡೆಯುವುದರಿಂದ, ಒಳಗಿನ ಆಳವಿಲ್ಲದ ನೀರಿನಲ್ಲಿ ಮಕ್ಕಳು ನಮ್ಮ ಜೊತೆ ಆಡಬಹುದು, ಹಿರಿಯರು ದಡದ ನೆರಳಿನಲ್ಲಿ ನಿರಾಳವಾಗಿ ಕೂರಬಹುದು. ತಮ್ಮನಿಗೆ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಲೆ ಮಾರ್ನ್ ಬೆಟ್ಟವಿದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಚಂಡಮಾರುತಗಳ ಕಾಲವಾದ್ದರಿಂದ ಸೆಪ್ಟೆಂಬರ್ ತಿಂಗಳನ್ನು ನಿಗದಿಪಡಿಸಿದ್ದೇವೆ. ಆಗ ಪೂರ್ವ ತೀರದಲ್ಲಿ ಗಾಳಿ ಜೋರಾಗಿರುವ ಕಾರಣ, ವಾಯುವ್ಯ ತೀರದಲ್ಲಿ ತಂಗಲಿದ್ದೇವೆ.