‘ಟೈಮ್‌ಔಟ್’ಗೆ ಕನ್ನಡ: ಗಡುವೋ, ವಾಯಿದೆಯೋ, ಕಾಲಮಿತಿಯೋ?

ಮಾನ್ಯರೇ,
ಹಳೆಯ ಪುಸ್ತಕಗಳ ಪುಟಚಿತ್ರಗಳನ್ನು ದೂರದ ಸರ್ವರಿನಿಂದ ತರಿಸಿ ಬ್ರೌಸರಿನಲ್ಲಿ ತೋರಿಸುವ ಜಾಲತಾಣವೊಂದರ ಸೂಚನೆಗಳನ್ನು ಕನ್ನಡಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಒಪ್ಪಿಸಬೇಕು. ಕಡತ ಹತ್ತು ಸೆಕೆಂಡಿನೊಳಗೆ ಬಾರದಿದ್ದರೆ ಸ್ಕ್ರಿಪ್ಟು (ಬ್ರೌಸರಿನಲ್ಲಿ ಓಡುವ ಪುಟ್ಟ ಪ್ರೋಗ್ರಾಮು) ಕಾಯುವುದನ್ನು ಬಿಟ್ಟು ‘ಟೈಮ್‌ಔಟ್’ ಎನ್ನುತ್ತದೆ. ಓದುಗರೇ ರದ್ದುಪಡಿಸಿದ್ದಕ್ಕೂ ಸಂಪರ್ಕ ಕಡಿದುಹೋದದ್ದಕ್ಕೂ ಬೇರೆ ಸೂಚನೆಗಳಿರುವುದರಿಂದ, ಮೂರಕ್ಕೂ ‘ದೋಷ ಉಂಟಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ‘ಗಡುವು ಮೀರಿದೆ’ ಎಂದರೆ ಸರಿಹೋದೀತೇ?

ಉತ್ತರ:
ಸರಿಹೋಗುತ್ತದೆ. ಗಡುವು ಅಚ್ಚ ದ್ರಾವಿಡ ಪದ; ತೆಲುಗಿನಲ್ಲಿ ಗಡುವು, ತಮಿಳಿನಲ್ಲಿ ಕೆಡು, ಎಲ್ಲ ಕಡೆಯೂ ಗೊತ್ತುಮಾಡಿದ ಕಾಲವೆಂಬುದೇ ಅರ್ಥ. ಕಾಲಮಿತಿ ಎಂಬ ಸಂಸ್ಕೃತ ಸಮಾಸವನ್ನೂ ಅರಬ್ಬಿಯ ವಾಯಿದೆಯನ್ನೂ ಈ ಚರ್ಚೆಗೆ ಎಳೆದು ತರಬೇಕಿಲ್ಲ.

ಉತ್ತರ:
ಪದದ ಕುಲವನ್ನು ವಿಚಾರಿಸುವ ಮೊದಲು ಅದರ ಕೆಲಸವನ್ನು ವಿಚಾರಿಸಿದ್ದರೆ ಚೆನ್ನಾಗಿತ್ತು. ಗಡುವೆಂದರೆ ಕೊಡುವವರೂ ಅದಕ್ಕೆ ಬದ್ಧರಾಗುವವರೂ ಇರಬೇಕು. ಇಲ್ಲಿ ಬ್ರೌಸರು ತನ್ನ ಹತ್ತು ಸೆಕೆಂಡಿನ ಲೆಕ್ಕವನ್ನು ಸರ್ವರಿಗೆ ತಿಳಿಸುವುದೇ ಇಲ್ಲ. ಸರ್ವರಿನಿಂದ ಕಡತ ತರಿಸಲು ಸ್ಕ್ರಿಪ್ಟು ಬಳಸುವ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟಿನ ಟೈಮ್‌ಔಟ್ ಗುಣಕ್ಕೆ 10000 ಮಿಲಿಸೆಕೆಂಡ್ ಎಂದು ಕೊಟ್ಟರೆ ಅದು ಕಾಯುವವರ ತಾಳ್ಮೆಯ ಅಳತೆ. ಏನೂ ಕೊಡದಿದ್ದರೆ ಬೆಲೆ 0, ಅಂದರೆ ಸ್ಕ್ರಿಪ್ಟು ಯಾವ ಮಿತಿಯನ್ನೂ ಹಾಕಿಲ್ಲವೆಂದರ್ಥ. ಇತ್ತ ಸ್ಕ್ರಿಪ್ಟು ಕೈಬಿಟ್ಟ ಮೇಲೂ ಅತ್ತ ಸರ್ವರು ಕಡತವನ್ನು ಸಿದ್ಧಪಡಿಸುತ್ತಿರಬಹುದಾದ್ದರಿಂದ, ‘ಗಡುವು ಮೀರಿದೆ’ ಎನ್ನುವುದು ತಿಳಿಸದೇ ಇದ್ದ ಗಡುವಿಗಾಗಿ ದಂಡ ಹಾಕಿದಂತೆ. ಸರ್ವರು ಕಳುಹಿಸುವ 408 ಎಂಬ ದೋಷಸಂಖ್ಯೆಯೂ ಕಾಯುವವರ ಮಾತೇ. ಅಲ್ಲಿ ಮನವಿ ಪೂರ್ತಿ ಬಾರದೆ ಕಾದು ಸಾಕಾದದ್ದು ಸರ್ವರಿಗೆ, ಅಷ್ಟೇ ವ್ಯತ್ಯಾಸ.

ಸ್ಕ್ರಿಪ್ಟಿನಲ್ಲಿ ಬರೆಯುವ ಸೆಟ್‌ಟೈಮ್‌ಔಟ್ ಎಂಬ ಆಜ್ಞೆಯ ಸಂಗತಿಯೇ ಬೇರೆ. ಅಲ್ಲಿ ಹೊತ್ತು ಕಳೆದ ಮೇಲೆ ಕೆಲಸ ಶುರುವಾಗುತ್ತದೆ, ನಿಲ್ಲುವುದಿಲ್ಲ. ಇಂಗ್ಲಿಷು ಎರಡಕ್ಕೂ ಒಂದೇ ಪದವನ್ನು ಹಚ್ಚಿತೆಂದು ನಾವೂ ಒಂದನ್ನೇ ಹುಡುಕಬೇಕಾಗಿಲ್ಲ.

ಇನ್ನು ಅಚ್ಚತನದ ಮಾತು. ಸಹಕಾರ ಸಂಘದ ಸಾಲಕ್ಕೆ ವಾಯಿದೆ ಕೇಳುವ ರೈತರಿಗೆ ಆ ಪದ ಅರಬ್ಬಿಯದೆಂದು ಯಾರೂ ಹೇಳಿಕೊಡಬೇಕಾಗಿಲ್ಲ, ಹೇಳಿದರೂ ಅವರು ಬಿಡುವುದಿಲ್ಲ. ಅದನ್ನು ಹೊರಗಟ್ಟಲು ಹೊರಟ ಮೂರು ಸಾಲಿನಲ್ಲಿ ತಾವು ಪದ, ಅರ್ಥ, ಕಾಲ, ಚರ್ಚೆಗಳನ್ನು ಜೊತೆಗೇ ಕರೆದುಕೊಂಡು ಬಂದಿದ್ದೀರಿ. ನನ್ನ ಸೂಚನೆ: ‘ಕಾಯುವ ಅವಧಿ ಮುಗಿಯಿತು, ಪುಟ ಬಂದಿಲ್ಲ’.

ಉತ್ತರ:
ಅವಧಿಯೂ ಸಂಸ್ಕೃತವೇ. ‘ಕಾಯುವ ಹೊತ್ತು’ ಎನ್ನಲು ಏನು ಅಡ್ಡಿ?

ಪ್ರಶ್ನೆ ಕೇಳಿದವರಿಂದ:
ಅಡ್ಡಿಯಿದೆ. ಸೂಚನೆಯಲ್ಲಿ ‘ಹೊತ್ತು’ ಇಂಪಾಗಿಯೇ ಕೇಳುತ್ತದೆ. ಆದರೆ ಸೆಟ್ಟಿಂಗ್ಸ್ ಪುಟದಲ್ಲಿ ಇದೇ ಪದದ ಮುಂದೆ ಸೆಕೆಂಡುಗಳ ಅಂಕಿಯನ್ನು ತುಂಬುವ ಚೌಕವಿದೆ, ‘ಕಾಯುವ ಹೊತ್ತು: 10’ ಎಂದು ಕಂಡರೆ ಓದುಗರು ಅದನ್ನು ಹತ್ತು ಗಂಟೆಯೆಂದು ತಿಳಿದಾರು. ‘ಕಾಯುವ ಅವಧಿ’ ಎಂದೇ ಬರೆದು ಕಳುಹಿಸುತ್ತಿದ್ದೇನೆ.