ರಿಪೇರಿ ಅಂಗಡಿಗೆ ಯಾವ ಸರ್ಟಿಫಿಕೇಟ್ ಮಾಡಬೇಕು, ಯಾವುದು ಸದ್ಯಕ್ಕೆ ಬೇಡ

ಪ್ರಶ್ನೆ: ನಮಸ್ಕಾರ ಸರ್. ಕಂಪ್ಯೂಟರ್, ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಬೇರೆಯವರ ಹತ್ತಿರ ಕೆಲಸಕ್ಕಿದ್ದು ಕಲಿತದ್ದು, ಕೋರ್ಸ್ ಅಂತ ಯಾವುದೂ ಮಾಡಿಲ್ಲ. ಮನೆಯ ಸಿಸ್ಟಂ ತರುವ ಗಿರಾಕಿಗಳು ಏನೂ ಕೇಳುವುದಿಲ್ಲ. ಆದರೆ ಈಚೆಗೆ ಒಂದು ಆಫೀಸಿನವರು ವರ್ಷದ ಮೇಂಟೆನೆನ್ಸ್ ಕಾಂಟ್ರಾಕ್ಟ್ ಮಾತಾಡುವಾಗ 'ನಿಮ್ಮಲ್ಲಿ ಸರ್ಟಿಫೈಡ್ ಟೆಕ್ನಿಷಿಯನ್ ಯಾರಿದ್ದಾರೆ?' ಎಂದು ಕೇಳಿದರು. ಏನು ಹೇಳಬೇಕೋ ಗೊತ್ತಾಗಲಿಲ್ಲ. ನೆಟ್‌ನಲ್ಲಿ ಹುಡುಕಿದರೆ ಎ ಪ್ಲಸ್, ನೆಟ್‌ವರ್ಕ್ ಪ್ಲಸ್, ಸಿಸಿಎನ್‌ಎ, ಮೈಕ್ರೋಸಾಫ್ಟ್, ಆ್ಯಪಲ್, ಐಪಿಸಿ ಅಂತ ದೊಡ್ಡ ಪಟ್ಟಿಯೇ ಬರುತ್ತದೆ. ಎಲ್ಲಾ ಮಾಡುವಷ್ಟು ದುಡ್ಡೂ ಇಲ್ಲ, ಟೈಮೂ ಇಲ್ಲ. ಯಾವುದರಿಂದ ಶುರು ಮಾಡಲಿ?

ಉತ್ತರ: ನಮಸ್ಕಾರ. ಮೊದಲು ಒಂದು ಕೆಲಸ ಮಾಡಿ. ಅಂಗಡಿಯ ಜಾಬ್ ಶೀಟ್‌ಗಳನ್ನು (ಬಂದ ಕೆಲಸ ಬರೆದಿಡುವ ಹಾಳೆ) ತೆಗೆದುಕೊಂಡು ಕೂತು, ಕಳೆದ ಕೆಲವು ತಿಂಗಳಲ್ಲಿ ಏನೇನು ಬಂದಿದೆ ಎಂದು ನೋಡಿ. ವಿಂಡೋಸ್ ಹಾಳಾಗಿದ್ದು ಎಷ್ಟು, ಸ್ಕ್ರೀನ್, ಕೀಬೋರ್ಡ್, ಬ್ಯಾಟರಿ ಬದಲಾಯಿಸಿದ್ದು ಎಷ್ಟು, ಮದರ್‌ಬೋರ್ಡ್ ಕೆಲಸ ಎಷ್ಟು, ಆಫೀಸಿಗೆ ಹೋಗಿ ವೈಫೈ, ಪ್ರಿಂಟರ್ ಸರಿ ಮಾಡಿದ್ದು ಎಷ್ಟು. ಸರ್ಟಿಫಿಕೇಟ್ ಆರಿಸಬೇಕಾದ್ದು ಆ ಲೆಕ್ಕ ನೋಡಿ. ನೆಟ್‌ನಲ್ಲಿ ಸಿಗುವ ಪಟ್ಟಿ ನೋಡಿ ಅಲ್ಲ. ಆ ಪಟ್ಟಿಗಳು ಬಹುತೇಕ ಕಂಪನಿಯಲ್ಲಿ ಕೆಲಸ ಹುಡುಕುವವರಿಗೆ ಬರೆದದ್ದು, ಸ್ವಂತ ಅಂಗಡಿಯವರಿಗೆ ಅಲ್ಲ.

ಆದರೂ ಒಂದು ಬುನಾದಿ ಬೇಕು ಅಲ್ವಾ, ಅದಕ್ಕೆ ನಾನು ಹೇಳುವುದು ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್. 1993ರಿಂದ ಇದೆ. ಯಾವುದೇ ಒಂದು ಕಂಪನಿಯ ಮಾಲಿಗೆ ಕಟ್ಟುಬಿದ್ದದ್ದಲ್ಲ, ರಿಪೇರಿ ಟೇಬಲ್ ಮೇಲೆ ಬರುವ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುಟ್ಟುತ್ತದೆ. ಕೋರ್ 1, ಕೋರ್ 2 ಅಂತ ಎರಡು ಪರೀಕ್ಷೆ. ಒಂದೊಂದರಲ್ಲೂ ಹೆಚ್ಚೆಂದರೆ 90 ಪ್ರಶ್ನೆ, 90 ನಿಮಿಷ. ಅಂಕ 100ರಿಂದ 900ರ ಅಳತೆಯಲ್ಲಿ ಬರುತ್ತದೆ. ಕೋರ್ 1ಕ್ಕೆ 675, ಕೋರ್ 2ಕ್ಕೆ 700 ಬಂದರೆ ಪಾಸ್. ಎರಡೂ ಪಾಸಾದರೆ ಮಾತ್ರ ಸರ್ಟಿಫಿಕೇಟ್, ಒಂದೇ ಪಾಸಾದರೆ ಏನೂ ಸಿಗುವುದಿಲ್ಲ.

ಕೋರ್ 1ರಲ್ಲಿ ಹಾರ್ಡ್‌ವೇರ್, ನೆಟ್‌ವರ್ಕಿಂಗ್, ಮೊಬೈಲ್ ಡಿವೈಸ್, ಟ್ರಬಲ್‌ಶೂಟಿಂಗ್ ಬರುತ್ತದೆ. ಅದು ನಿಮಗೆ ಅಷ್ಟು ಕಷ್ಟವಾಗಲಾರದು, ದಿನಾ ಮಾಡುವ ಕೆಲಸವೇ. ಕೈಕೆಲಸ ಕಲಿತು ಬಂದವರು ಸಿಕ್ಕಿಬೀಳುವುದು ಕೋರ್ 2ರಲ್ಲಿ. ಅದರಲ್ಲಿ ಸೆಕ್ಯೂರಿಟಿಗೇ 28 ಪರ್ಸೆಂಟ್ ಇದೆ, ಕೆಲಸದ ಕ್ರಮಕ್ಕೆ, ಅಂದರೆ ದಾಖಲೆ ಇಡುವುದು, ಬ್ಯಾಕಪ್, ಸ್ಟ್ಯಾಟಿಕ್ ಕರೆಂಟ್‌ನಿಂದ ಪಾರ್ಟ್ ಕಾಪಾಡುವುದು, ಗಿರಾಕಿಯ ಡೇಟಾ ಗುಟ್ಟಾಗಿಡುವುದು, ಗಿರಾಕಿ ಜೊತೆ ಮಾತಾಡುವ ರೀತಿ, ಇದಕ್ಕೆಲ್ಲ 21 ಪರ್ಸೆಂಟ್. 'ಇದೆಲ್ಲ ಏನು ಮಹಾ' ಎಂದು ಜಾಸ್ತಿ ಜನ ಓದದೆ ಬಿಡುವುದು ಇದೇ ಭಾಗ. ನನ್ನ ಪ್ರಕಾರ ಅಂಗಡಿ ನಡೆಸುವವರಿಗೆ ಇಡೀ ಎ ಪ್ಲಸ್‌ನಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಭಾಗವೂ ಇದೇ.

ಒಂದು ಉದಾಹರಣೆ ಹೇಳುತ್ತೇನೆ. ಗಿರಾಕಿ ಲ್ಯಾಪ್‌ಟಾಪ್ ತಂದು 'ಸ್ಲೋ ಆಗಿದೆ, ಏನಾದರೂ ಮಾಡಿ' ಎನ್ನುತ್ತಾರೆ. ಕೈಕೆಲಸದವರು ತಕ್ಷಣ ಬಯಾಸ್‌ಗೆ (ಸಿಸ್ಟಂ ಆನ್ ಆಗುವಾಗಿನ ಮೂಲ ಸೆಟ್ಟಿಂಗ್) ಹೋಗಿ ಸೆಟ್ಟಿಂಗ್ ಬದಲಾಯಿಸುತ್ತಾರೆ, ಇಲ್ಲವೇ ಬೋರ್ಡನ್ನೇ ಬದಲಾಯಿಸುತ್ತಾರೆ. ಆಮೇಲೆ ಆನ್ ಮಾಡಿದರೆ ನೀಲಿ ಸ್ಕ್ರೀನ್ ಮೇಲೆ, ವಿಂಡೋಸ್‌ನಲ್ಲಿ ಡ್ರೈವ್‌ಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಗಿರಾಕಿಗೆ ಡ್ರೈವ್ ಎನ್‌ಕ್ರಿಪ್ಟ್ ಆಗಿದೆ ಅನ್ನುವುದೇ ಗೊತ್ತಿರುವುದಿಲ್ಲ. ಕೀ ಅವರ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸಿಕ್ಕರೆ ಪುಣ್ಯ, ಎಲ್ಲೂ ಸಿಗದಿದ್ದರೆ ಫೋಟೋ, ಲೆಕ್ಕಪತ್ರ ಎಲ್ಲಾ ಹೋದ ಹಾಗೆಯೇ. ಎ ಪ್ಲಸ್ ಕಲಿಸುವ ಟ್ರಬಲ್‌ಶೂಟಿಂಗ್ ಕ್ರಮದ ಮೊದಲ ಹೆಜ್ಜೆಯೇ ಗಿರಾಕಿಯನ್ನು ಕೇಳಿ ಸಮಸ್ಯೆ ಏನೆಂದು ತಿಳಿಯುವುದು, ಏನನ್ನಾದರೂ ಬದಲಾಯಿಸುವ ಮುಂಚೆ ಬ್ಯಾಕಪ್ ತೆಗೆಯುವುದು. ಕೊನೆಯ ಹೆಜ್ಜೆ ಏನು ಮಾಡಿದಿರಿ, ಏನಾಯಿತು ಎಂದು ಬರೆದಿಡುವುದು. ಈ ಎರಡನ್ನು ಅಂಗಡಿಯ ರೂಢಿ ಮಾಡಿಕೊಂಡರೆ ಓದಿದ್ದಕ್ಕೂ ಕಟ್ಟಿದ ಫೀಗೂ ಅಲ್ಲೇ ಸಾರ್ಥಕ.

ಎ ಪ್ಲಸ್ ಮುಗಿದ ಮೇಲೆ ಇನ್ನೊಂದೇ ಒಂದು. ಅದು ಯಾವುದು ಎಂದು ನಿಮ್ಮ ಜಾಬ್ ಶೀಟ್ ಹೇಳುತ್ತದೆ. ಏನು ಬಂತು ಎಂದು ಇಲ್ಲೇ ಬರೆಯಿರಿ, ಆಮೇಲೆ ಮಾತಾಡೋಣ.

ಇನ್ನೊಬ್ಬರ ಪ್ರಶ್ನೆ: ಸರ್, ನಾನು ಚಿಪ್ ಲೆವೆಲ್ ಕೆಲಸ, ಅಂದರೆ ಬೋರ್ಡ್ ಮೇಲಿನ ಬಿಡಿ ಭಾಗಗಳ ರಿಪೇರಿ ಮಾಡುತ್ತೇನೆ. ನನಗೆ ಎ ಪ್ಲಸ್ ಬೇಕಾ? ಬೋರ್ಡ್ ರಿಪೇರಿಗೆ ಅಂತಲೇ ಏನಾದರೂ ಇದೆಯಾ?

ಉತ್ತರ: ಎ ಪ್ಲಸ್‌ನಲ್ಲಿ ಬೋರ್ಡ್ ಬದಲಾಯಿಸುವುದು ಇದೆ, ಬೋರ್ಡ್ ರಿಪೇರಿ ಇಲ್ಲ. ನಿಮ್ಮ ಕೆಲಸಕ್ಕೆ ಹತ್ತಿರದ್ದು ಐಪಿಸಿ-7711/7721. ಬೋರ್ಡ್ ಮೇಲಿನ ಕಾಂಪೊನೆಂಟ್ ತೆಗೆದು ಹಾಕುವುದು, ಎದ್ದುಹೋದ ಪ್ಯಾಡ್ (ಬೆಸುಗೆ ಹಾಕುವ ಜಾಗ), ಕಡಿದುಹೋದ ಟ್ರೇಸ್ (ತಾಮ್ರದ ಗೆರೆ) ಸರಿ ಮಾಡುವುದು, ಇದರ ಮಾನದಂಡ ಅದು. ಸರ್ಟಿಫಿಕೇಟ್ 24 ತಿಂಗಳು ನಡೆಯುತ್ತದೆ, ಆಮೇಲೆ ಮತ್ತೆ ಮಾಡಬೇಕು. ನಿಮ್ಮ ಕೈಯಲ್ಲೇ ಬೆಸುಗೆ ಹಾಕಿಸಿ ನೋಡುತ್ತಾರೆ, ಬರೀ ಪ್ರಶ್ನೆಪತ್ರಿಕೆ ಅಲ್ಲ. ಅದಕ್ಕೇ ನನಗೆ ಅದರ ಮೇಲೆ ಗೌರವ ಜಾಸ್ತಿ.

ಆದರೆ ಒಂದು ಮಾತು. ಅದು ಬೆಸುಗೆ ಕಲಿಸುತ್ತದೆ, ಫಾಲ್ಟ್ ಹುಡುಕುವುದನ್ನು ಕಲಿಸುವುದಿಲ್ಲ. ಮೇನ್ ಪವರ್ ಲೈನ್ ಶಾರ್ಟ್ ಆಗಿದೆ ಅಂದುಕೊಳ್ಳಿ. ಬೆಂಚ್ ಪವರ್ ಸಪ್ಲೈನಿಂದ ಒಂದು ವೋಲ್ಟ್‌ನಷ್ಟು ಕೊಟ್ಟು, ಬೋರ್ಡ್ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ, ಎಲ್ಲಿ ಮೊದಲು ಆರುತ್ತದೆ ಎಂದು ನೋಡುತ್ತೀರಿ. ಅಲ್ಲಿ ಒಂದು ಕೆಪಾಸಿಟರ್ ಬಿಸಿಯಾಗಿರುತ್ತದೆ. ಅದನ್ನು ತೆಗೆದರೆ ಶಾರ್ಟ್ ಹೋಗುತ್ತದೆ. ಈ ಕಣ್ಣು ಬರುವುದು ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ), ಬೋರ್ಡ್ ವ್ಯೂ (ಯಾವ ಭಾಗ ಎಲ್ಲಿದೆ ಎನ್ನುವ ಚಿತ್ರ) ಇಟ್ಟುಕೊಂಡು ಗಂಟೆಗಟ್ಟಲೆ ಕೂತಾಗ. ಹಾಗಾಗಿ ಮಿಕ್ಕ ಅಂಗಡಿಗಳು ನಿಮಗೆ ಬೋರ್ಡ್ ಕಳಿಸುತ್ತಿದ್ದರೆ, ಇಲ್ಲವೇ ಫ್ಯಾಕ್ಟರಿ, ಆಸ್ಪತ್ರೆ ಉಪಕರಣಗಳ ಬೋರ್ಡ್ ಕೆಲಸ ಹಿಡಿಯುವ ಯೋಚನೆ ಇದ್ದರೆ ಐಪಿಸಿ ಮಾಡಿ, ಅಲ್ಲಿ ಅದಕ್ಕೆ ಬೆಲೆ ಇದೆ. ಬರೀ ಮನೆ ಲ್ಯಾಪ್‌ಟಾಪ್ ಬರುವುದಾದರೆ ಆ ದುಡ್ಡಲ್ಲಿ ಒಳ್ಳೆಯ ಮೈಕ್ರೋಸ್ಕೋಪ್ ತೆಗೆದುಕೊಳ್ಳಿ.

ಇನ್ನೊಬ್ಬರ ಪ್ರಶ್ನೆ: ಆ್ಯಪಲ್ ಸರ್ಟಿಫಿಕೇಟ್ ಮಾಡಿದರೆ ಒರಿಜಿನಲ್ ಪಾರ್ಟ್ಸ್ ಸಿಗುತ್ತವಂತೆ, ಹೌದಾ ಸರ್?

ಉತ್ತರ: ಸರ್ಟಿಫಿಕೇಟ್ ಒಂದರಿಂದಲೇ ಸಿಗುವುದಿಲ್ಲ. ಸರ್ಟಿಫಿಕೇಟ್ ವ್ಯಕ್ತಿಯದ್ದು, ಪಾರ್ಟ್ಸ್ ಸಿಗುವುದು ಅಂಗಡಿಗೆ. ಸ್ವತಂತ್ರ ರಿಪೇರಿ ಅಂಗಡಿಗಳಿಗೆ ಅಂತ ಆ್ಯಪಲ್ 2019ರಲ್ಲಿ ಅಮೆರಿಕದಲ್ಲಿ ಒಂದು ಯೋಜನೆ ಶುರು ಮಾಡಿತು, ಆಮೇಲೆ ಬೇರೆ ದೇಶಗಳಿಗೂ ವಿಸ್ತರಿಸಿತು. ಅದಕ್ಕೆ ಅಂಗಡಿ ಅರ್ಜಿ ಹಾಕಿ ಸೇರಿರಬೇಕು, ರಿಪೇರಿ ಮಾಡುವವರು ಆ್ಯಪಲ್ ಸರ್ಟಿಫೈಡ್ ಆಗಿರಬೇಕು, ಎರಡೂ ಬೇಕು. ಒಪ್ಪಂದದ ಷರತ್ತುಗಳನ್ನು ಪೂರ್ತಿ ಓದಿ ಸಹಿ ಹಾಕಿ. ಅಷ್ಟೊಂದು ಮ್ಯಾಕ್ ಬರುತ್ತವೆ ಎಂದಾದರೆ ಮಾತ್ರ ಈ ದಾರಿ.

ಇದನ್ನು ಎಲ್ಲರೂ ಗಮನಿಸಿ. ಎ ಪ್ಲಸ್ ಇದೆ ಅಂತ ಯಾವ ಕಂಪನಿಯ ವಾರಂಟಿ ರಿಪೇರಿಯನ್ನೂ ಮಾಡುವ ಹಾಗಿಲ್ಲ. ಅದಕ್ಕೆ ಆ ಕಂಪನಿಯೇ ನಿಮ್ಮ ಅಂಗಡಿಗೆ ಒಪ್ಪಿಗೆ ಕೊಟ್ಟಿರಬೇಕು. ಹಾಗೆಯೇ ಅಂಗಡಿಯ ನಾಮಫಲಕದ ಮೇಲೆ 'ನಮ್ಮ ಅಂಗಡಿ ಸರ್ಟಿಫೈಡ್' ಎಂದು ಬರೆಸಬೇಡಿ, 'ಎ ಪ್ಲಸ್ ಸರ್ಟಿಫೈಡ್ ಟೆಕ್ನಿಷಿಯನ್ ಇದ್ದಾರೆ' ಎಂದರೆ ಸರಿ. ನಿಮ್ಮ ಹುಡುಗನಿಗೆ ದುಡ್ಡು ಕೊಟ್ಟು ಮಾಡಿಸಿ, ಅವನು ಕೆಲಸ ಬಿಟ್ಟು ಹೋದರೆ ಸರ್ಟಿಫಿಕೇಟೂ ಅವನ ಜೊತೆ ಹೋಗುತ್ತದೆ. ಅದಕ್ಕೇ ಮೊದಲನೆಯದು ಅಂಗಡಿ ಯಜಮಾನರೇ ಮಾಡಿಕೊಳ್ಳಲಿ.

ಇನ್ನೊಬ್ಬರ ಪ್ರಶ್ನೆ: ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳೇ ಇರುವ ಪಿಡಿಎಫ್ ಸಿಗುತ್ತಂತೆ. 'ಪಾಸ್ ಗ್ಯಾರಂಟಿ' ಎನ್ನುತ್ತಾರೆ. ತಗೋಬಹುದಾ? ನನಗೆ ಇಂಗ್ಲಿಷ್ ಸ್ವಲ್ಪ ಕಷ್ಟ, ಅದಕ್ಕೆ ಕೇಳಿದೆ.

ಉತ್ತರ: ದಯವಿಟ್ಟು ಬೇಡ. ಅದು ಕದ್ದ ಮಾಲು. ಸಿಕ್ಕಿಬಿದ್ದರೆ ಕಾಂಪ್‌ಟಿಯಾ ಸರ್ಟಿಫಿಕೇಟ್ ವಾಪಸ್ ತೆಗೆದುಕೊಳ್ಳಬಹುದು, ಮುಂದೆ ಪರೀಕ್ಷೆ ಬರೆಯದಂತೆಯೂ ಮಾಡಬಹುದು. ಅದು ಬಿಡಿ, ಆ ಪಿಡಿಎಫ್‌ಗಳಲ್ಲಿ ಎಷ್ಟೋ ಉತ್ತರ ತಪ್ಪಿರುತ್ತವೆ, ಜೊತೆಗೆ ಪರೀಕ್ಷೆಯಲ್ಲಿ ಸ್ಕ್ರೀನ್ ಮೇಲೆ ಮಾಡಿ ತೋರಿಸಬೇಕಾದ ಪ್ರಶ್ನೆಗಳೂ ಬರುತ್ತವೆ, ಅಲ್ಲಿ ಬಾಯಿಪಾಠ ನಡೆಯುವುದಿಲ್ಲ. ಆಫೀಸಿನವರು ನಂಬಿ ಪಾಸ್‌ವರ್ಡ್ ಸಮೇತ ಸಿಸ್ಟಂ ಕೊಡುತ್ತಾರೆ, ಆ ನಂಬಿಕೆಗೆ ಆಧಾರವಾದ ಕಾಗದವೇ ಸುಳ್ಳಾಗಬಾರದು.

ಇಂಗ್ಲಿಷ್ ಬಗ್ಗೆ ಹೆದರಬೇಡಿ, ಪ್ರಶ್ನೆಗಳು ಉದ್ದ ಇರುತ್ತವೆ ಆದರೆ ಭಾಷೆ ಸುಲಭ. ಕೊನೆಯ ಸಾಲನ್ನು ಮೊದಲು ಓದಿ. ಅಲ್ಲಿ ಫಸ್ಟ್, ಬೆಸ್ಟ್, ಮೋಸ್ಟ್ ಲೈಕ್ಲಿ ಅಂತ ಇದೆಯಾ ನೋಡಿ. 'ಮೊದಲು ಏನು ಮಾಡುತ್ತೀರಿ' ಎಂದು ಕೇಳಿದ್ದಕ್ಕೆ ಕೊನೆಗೆ ಮಾಡುವ ಕೆಲಸವನ್ನು ಗುರುತು ಮಾಡಿ ಅಂಕ ಕಳೆದುಕೊಳ್ಳುವವರೇ ಜಾಸ್ತಿ, ಅವರಿಗೆ ಕೆಲಸ ಬರುವುದಿಲ್ಲ ಅಂತಲ್ಲ. ಮಾಡಿ ತೋರಿಸುವ ಪ್ರಶ್ನೆಗಳು ಸಾಮಾನ್ಯವಾಗಿ ಶುರುವಿನಲ್ಲೇ ಬರುತ್ತವೆ. ಟೈಮ್ ತಿನ್ನುತ್ತಿವೆ ಅನಿಸಿದರೆ ಗುರುತು ಹಾಕಿ ಮುಂದೆ ಹೋಗಿ, ಆಮೇಲೆ ಬನ್ನಿ. ಪರೀಕ್ಷೆಯಲ್ಲಿ ಏನೇನು ಬರುತ್ತದೆ ಅನ್ನುವ ಪೂರ್ತಿ ವಿಷಯಪಟ್ಟಿಯನ್ನು ಕಾಂಪ್‌ಟಿಯಾ ಸೈಟಿನಲ್ಲೇ ಪುಕ್ಕಟೆ ಕೊಡುತ್ತಾರೆ. ಅದನ್ನು ಪ್ರಿಂಟ್ ತೆಗೆದು, ಗೊತ್ತಿರುವುದನ್ನು ಹೊಡೆದು ಹಾಕುತ್ತಾ ಬನ್ನಿ. ಉಳಿದಷ್ಟೇ ಓದಿದರೆ ಸಾಕು.

ಇನ್ನೊಬ್ಬರ ಪ್ರಶ್ನೆ: ಡೇಟಾ ರಿಕವರಿಗೆ ಸರ್ಟಿಫಿಕೇಟ್ ಮಾಡಿದರೆ ಹಾರ್ಡ್ ಡಿಸ್ಕ್ ಬಿಚ್ಚಿ ಕೆಲಸ ಮಾಡಬಹುದಾ?

ಉತ್ತರ: ಹಾರ್ಡ್ ಡಿಸ್ಕ್ ಬಿಚ್ಚಲು ಬೇಕಾದ್ದು ಧೂಳಿಲ್ಲದ ಕ್ಲೀನ್ ಬೆಂಚ್, ಪಾರ್ಟ್ ತೆಗೆದುಕೊಳ್ಳಲು ಅದೇ ಮಾಡೆಲ್‌ನ ಡೋನರ್ ಡ್ರೈವ್, ಪಳಗಿದ ಕೈ. ಕಾಗದ ಅಲ್ಲ. ಡ್ರೈವ್ ಟಕ್ ಟಕ್ ಅಂತಿದ್ದರೆ ಕರೆಂಟ್ ತೆಗೆದು, ಅದನ್ನೇ ಮಾಡುವ ಲ್ಯಾಬ್‌ಗೆ ಕಳಿಸಿ. ಡ್ರೈವ್ ತಿರುಗುತ್ತಿದೆ, ಬ್ಯಾಡ್ ಸೆಕ್ಟರ್ (ಓದಲಾಗದ ಭಾಗ) ಮಾತ್ರ ಇದೆ ಎಂದಾದರೆ ವಿಂಡೋಸ್‌ನ ಚೆಕ್ ಡಿಸ್ಕ್ ಟೂಲ್ ಓಡಿಸಲೇಬೇಡಿ. ಮೊದಲು ಡಿಡಿರೆಸ್ಕ್ಯೂನಂಥ ಟೂಲ್‌ನಿಂದ ಇನ್ನೊಂದು ಡ್ರೈವ್‌ಗೆ ಕ್ಲೋನ್ ಮಾಡಿ, ಆ ಕ್ಲೋನ್ ಮೇಲೆ ಕೆಲಸ ಮಾಡಿ. ಇದಕ್ಕೆ ಶಿಸ್ತು ಸಾಕು.

ಮೊದಲು ಕೇಳಿದವರು: ಸರ್, ಜಾಬ್ ಶೀಟ್ ನೋಡಿದೆ. ಅರ್ಧಕ್ಕಿಂತ ಜಾಸ್ತಿ ವಿಂಡೋಸ್ ಮತ್ತು ಪಾರ್ಟ್ಸ್ ಬದಲಾವಣೆ. ಆಮೇಲೆ ಸಣ್ಣ ಆಫೀಸುಗಳ ವೈಫೈ, ಶೇರ್ಡ್ ಪ್ರಿಂಟರ್, ಬ್ಯಾಕಪ್ ಕೆಲಸ, ಅದು ಹೆಚ್ಚಾಗ್ತಾ ಇದೆ. ಬೋರ್ಡ್ ಕೆಲಸ ಕಡಿಮೆ, ಅದನ್ನು ಹೊರಗೆ ಕೊಡುತ್ತೇನೆ. ಮ್ಯಾಕ್ ಅಪರೂಪ. ಒಬ್ಬರು ಎಂಸಿಎಸ್‌ಎ ಮಾಡಿ ಎಂದರು.

ಉತ್ತರ: ಎಂಸಿಎಸ್‌ಎ ಈಗ ಇಲ್ಲ. 2021ರ ಜನವರಿಯಲ್ಲೇ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ಅದರ ಹೆಸರಲ್ಲಿ ಯಾರಾದರೂ ಕೋರ್ಸ್ ಮಾರುತ್ತಿದ್ದರೆ ದುಡ್ಡು ಕೊಡಬೇಡಿ. ಈಗ ಡೆಸ್ಕ್‌ಟಾಪ್ ಕಡೆಗೆ ಇರುವುದು ಮೈಕ್ರೋಸಾಫ್ಟ್‌ನ ಎಂಡಿ-102 ಪರೀಕ್ಷೆ. ಅದು ಮೈಕ್ರೋಸಾಫ್ಟ್‌ನದೇ ಇನ್‌ಟ್ಯೂನ್ ಮೂಲಕ ಕಂಪನಿಯ ಎಲ್ಲಾ ಸಿಸ್ಟಂಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವವರಿಗೆ. ನಿಮ್ಮ ಆಫೀಸುಗಳು ಆ ಮಟ್ಟಕ್ಕೆ ಬಂದಾಗ ನೋಡೋಣ.

ನಿಮಗೆ ನನ್ನ ಸಲಹೆ, ಎ ಪ್ಲಸ್ ಆದ ಮೇಲೆ ಕಾಂಪ್‌ಟಿಯಾದ್ದೇ ನೆಟ್‌ವರ್ಕ್ ಪ್ಲಸ್. ಸಿಸಿಎನ್‌ಎ ಒಳ್ಳೆಯದೇ, ಆದರೆ ಅದು ಸಿಸ್ಕೋ ಮಾಲಿನ ಸುತ್ತ ಇದೆ, ರೌಟಿಂಗ್ ಆಳವಾಗಿ ಓದಬೇಕು. ನೀವು ಹೋಗುವ ಆಫೀಸಲ್ಲಿ ಇರುವುದು ಒಂದು ರೌಟರ್, ಒಂದು ಸ್ವಿಚ್, ನಾಲ್ಕು ಗೋಡೆ ಆಚೆ ಸಿಗ್ನಲ್ ಸಿಗದ ಒಂದು ವೈಫೈ. ಅದಕ್ಕೆ ನೆಟ್‌ವರ್ಕ್ ಪ್ಲಸ್ ಸಾಕಾಗಿ ಉಳಿಯುತ್ತದೆ. ಇನ್ನೊಂದು ಲಾಭವೂ ಇದೆ. ಎ ಪ್ಲಸ್ ಮೂರು ವರ್ಷಕ್ಕೆ ಮುಗಿಯುತ್ತದೆ, ನವೀಕರಿಸಲು ಮುಂದುವರಿದ ಕಲಿಕೆಯ 20 ಕ್ರೆಡಿಟ್ ಕೂಡಿಸಬೇಕು. ಆ ಮೂರು ವರ್ಷದೊಳಗೆ ನೆಟ್‌ವರ್ಕ್ ಪ್ಲಸ್ ಅಥವಾ ಸೆಕ್ಯೂರಿಟಿ ಪ್ಲಸ್ ಪಾಸ್ ಮಾಡಿದರೆ ಎ ಪ್ಲಸ್ ತಾನಾಗಿ ನವೀಕರಣ ಆಗುತ್ತದೆ. ಪಾಸಾದ ತಕ್ಷಣ ಮೂರು ವರ್ಷ ಮುಂದಿನ ಆ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಅವಧಿ ಮುಗಿದರೆ ಎರಡೂ ಪರೀಕ್ಷೆ ಮತ್ತೆ ಮೊದಲಿನಿಂದ.

ಆ ಆಫೀಸಿನವರಿಗೆ ಈಗಲೇ ನಿಜ ಹೇಳಿ. 'ಎ ಪ್ಲಸ್ ಓದುತ್ತಿದ್ದೇನೆ, ಇಂಥ ತಿಂಗಳು ಪರೀಕ್ಷೆ ಇದೆ' ಎನ್ನಿ, ಜೊತೆಗೆ ನೀವು ಬ್ಯಾಕಪ್ ಹೇಗೆ ಇಡುತ್ತೀರಿ, ಕೆಲಸದ ದಾಖಲೆ ಹೇಗೆ ಬರೆಯುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ. ಪಾಸಾದ ಮೇಲೆ ಆನ್‌ಲೈನ್‌ನಲ್ಲಿ ಪರಿಶೀಲಿಸಬಹುದಾದ ಡಿಜಿಟಲ್ ಬ್ಯಾಡ್ಜ್ ಸಿಗುತ್ತದೆ, ಕೊಟೇಶನ್ ಕಳಿಸುವಾಗ ಅದರ ಲಿಂಕ್ ಹಾಕಿ. ಗೋಡೆ ಮೇಲಿನ ಫ್ರೇಮಿಗಿಂತ ಅದನ್ನು ಅವರು ಜಾಸ್ತಿ ನಂಬುತ್ತಾರೆ.

ಪುಸ್ತಕ ಕೊಳ್ಳುವಾಗ ಹುಷಾರು. ಎ ಪ್ಲಸ್ ಪರೀಕ್ಷೆಯ ಹಳೆಯ 220-1101, 1102 ಸರಣಿ 2025ರ ಸೆಪ್ಟೆಂಬರ್‌ನಲ್ಲಿ ಮುಗಿದಿದೆ, ಆದರೂ ಅದರ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತಲೇ ಇವೆ. ನಿಮಗೆ ಬೇಕಾದ್ದು 220-1201 (ಕೋರ್ 1) ಮತ್ತು 220-1202 (ಕೋರ್ 2). ಮೊದಲು 1201ಕ್ಕೆ ತಾರೀಖು ಬುಕ್ ಮಾಡಿ, ಆಮೇಲೆ ಓದಲು ಕೂರಿ. ತಾರೀಖು ಇಲ್ಲದಿದ್ದರೆ ಅಂಗಡಿ ಕೆಲಸದ ಮಧ್ಯೆ ಓದು ಮುಂದಕ್ಕೆ ಹೋಗುತ್ತಲೇ ಇರುತ್ತದೆ.