ಅಜ್ಜಿ ಕೊಡ ಎತ್ತುವ ಶಾಟ್: ವಿಡಿಯೋ ರೆಫರೆನ್ಸ್ ಇಟ್ಟುಕೊಂಡರೂ ತೂಕ ಯಾಕೆ ಕಾಣ್ತಿಲ್ಲ?

ಮೈಸೂರು_ಫ್ರೇಮ್ಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಡೆಮೊ ರೀಲ್‌ಗೆ (ನನ್ನ ಕೆಲಸದ ಮಾದರಿ ತೋರಿಸುವ ವಿಡಿಯೋ) ಒಂದು ಆ್ಯನಿಮೇಷನ್ ಶಾಟ್ ಮಾಡುತ್ತಿದ್ದೇನೆ. ಅಜ್ಜಿಯೊಬ್ಬಳು ಬೀದಿ ನಲ್ಲಿಯ ಹತ್ತಿರ ತುಂಬಿದ ಕೊಡ ಎತ್ತಿ, ಸೊಂಟಕ್ಕಿಟ್ಟುಕೊಂಡು, ನಾಲ್ಕು ಹೆಜ್ಜೆ ನಡೆಯುತ್ತಾಳೆ. ಅಷ್ಟೇ. ಮಾತಿಲ್ಲ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್, 24 ಎಫ್‌ಪಿಎಸ್ (ಸೆಕೆಂಡಿಗೆ 24 ಫ್ರೇಮ್). ಅಜ್ಜಿ ಕುಳ್ಳಿ, ತಲೆ ದೊಡ್ಡದು, ಕಾಲು ಚಿಕ್ಕದು.

ರೆಫರೆನ್ಸ್‌ಗೆ, ಅಂದರೆ ನೋಡಿಕೊಂಡು ಮಾಡೋದಕ್ಕೆ, ಹಾಸ್ಟೆಲ್ ರೂಮಿನಲ್ಲಿ ಫೋನ್ ನಿಲ್ಲಿಸಿ ನಾನೇ ಆಕ್ಟ್ ಮಾಡಿದೆ. ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಕೊಡ. ಆ ವಿಡಿಯೋವನ್ನು ಕ್ಯಾಮೆರಾ ಬ್ಯಾಕ್‌ಗ್ರೌಂಡ್‌ಗೆ ಹಾಕಿಕೊಂಡು ನಾಲ್ಕು ಫ್ರೇಮಿಗೊಂದು ಪೋಸ್ ಮ್ಯಾಚ್ ಮಾಡಿದ್ದೇನೆ. ಒಂದೊಂದೇ ಪೋಸ್ ನೋಡಿದರೆ ಚೆನ್ನಾಗಿದೆ. ಪ್ಲೇ ಮಾಡಿದರೆ ಅಜ್ಜಿ ತೇಲುತ್ತಾಳೆ. ಕೊಡದಲ್ಲಿ ನೀರಿದೆ ಅಂತ ಅನಿಸುವುದೇ ಇಲ್ಲ. ಫೋನಿನಲ್ಲಿ ನೋಡಿದಾಗ ಇದ್ದದ್ದಕ್ಕಿಂತ ಶಾಟ್ ನಿಧಾನವೂ ಆಗಿದೆ.

ನನ್ನ ಗೆಳೆಯರೊಬ್ಬರು "ರೆಫರೆನ್ಸ್ ಬಿಟ್ಟು ಮನಸ್ಸಿನಿಂದ ಮಾಡು, ಆಗ ಜೀವ ಬರುತ್ತೆ" ಅಂತಾರೆ. ಬಿಡಬೇಕಾ? ಅಥವಾ ಬಳಸುವ ರೀತಿ ಬೇರೆ ಇದೆಯಾ?

ರೆಂಡರ್_ರಾತ್ರಿ

ನಿಧಾನ ಆಗಿರುವುದಕ್ಕೆ ಕಾರಣ ಹೇಳಿಬಿಡ್ತೀನಿ. ಫೋನ್ ಸಾಮಾನ್ಯವಾಗಿ 30 ಎಫ್‌ಪಿಎಸ್‌ನಲ್ಲಿ ಹಿಡಿಯುತ್ತೆ. ಬ್ಯಾಕ್‌ಗ್ರೌಂಡ್‌ಗೆ ಹಾಕಿದಾಗ ವಿಡಿಯೋದ ಒಂದು ಫ್ರೇಮ್ ನಿಮ್ಮ ಟೈಮ್‌ಲೈನಿನ ಒಂದು ಫ್ರೇಮ್ ಆಗಿ ಕೂರುತ್ತೆ. 4 ಸೆಕೆಂಡಿನ ಕ್ಲಿಪ್‌ನಲ್ಲಿ 120 ಫ್ರೇಮ್ ಇವೆ. 24ರ ಲೆಕ್ಕದಲ್ಲಿ ಅದು 5 ಸೆಕೆಂಡ್ ಆಯ್ತು. ತೂಕ ಹೋಗೋಕೆ ಇದೂ ಒಂದು ಕಾರಣ.

ಇನ್ನೊಂದು, ಬಹಳ ಫೋನ್‌ಗಳಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರಲ್ಲ. ಬೆಳಕು ಕಮ್ಮಿ ಇದ್ದರೆ ತಾನೇ ಇಳಿಯುತ್ತೆ. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಾಯಿಸುವ ಸಾಫ್ಟ್‌ವೇರ್‌ನಲ್ಲಿ 24 ಆಯ್ಕೆ ಮಾಡಿ, ಕಾನ್‌ಸ್ಟಂಟ್ ಫ್ರೇಮ್ ರೇಟ್ ಒತ್ತಿ, ಆಮೇಲೆ ಬ್ಲೆಂಡರ್‌ಗೆ ತನ್ನಿ.

ಕೀಫ್ರೇಮ್_ತಿಪಟೂರು

ಮೇಲಿನವರು ಹೇಳಿದ್ದನ್ನು ಮೊದಲು ಮಾಡಿ. ಆದರೆ ಅಷ್ಟರಿಂದಲೇ ಕೊಡಕ್ಕೆ ತೂಕ ಬರಲ್ಲ. ನಿಮ್ಮ ವಿಡಿಯೋದಲ್ಲೇ ತೂಕ ಇಲ್ಲವಲ್ಲ. ಖಾಲಿ ಕೊಡ ಎತ್ತುವಾಗ ಎಷ್ಟೇ ಚೆನ್ನಾಗಿ ನಟಿಸಿದರೂ ಮುಖ ಮತ್ತು ಭುಜ ಮಾತ್ರ ನಟಿಸುತ್ತವೆ. ಸೊಂಟ, ಪಾದ ನಟಿಸಲ್ಲ. ಅವಕ್ಕೆ ಭಾರ ಬಿದ್ದರೆ ಮಾತ್ರ ಗೊತ್ತಾಗುವುದು. ಪ್ಲಾಸ್ಟಿಕ್ ಕೊಡದಲ್ಲಿ ಹದಿನೈದು ಲೀಟರ್ ಆಸುಪಾಸು ನೀರು ಹಿಡಿಯುತ್ತೆ, ಅಂದರೆ ಸುಮಾರು 15 ಕೆಜಿ. ಅಭ್ಯಾಸ ಇಲ್ಲದಿದ್ದರೆ ಅರ್ಧ ತುಂಬಿಸಿ. ನಡ ಹಿಡಿಸಿಕೊಳ್ಳಬೇಡಿ.

ನಾನು ಇಂಥದ್ದೇ ಒಂದು ಶಾಟ್‌ಗೆ ನಮ್ಮ ಅತ್ತೆಯವರನ್ನು ಕೇಳಿಕೊಂಡು ರೆಕಾರ್ಡ್ ಮಾಡಿದ್ದೆ. ಫೋನ್ ಕೈಯಲ್ಲಿ ಹಿಡಿದು ನಿಂತಾಗ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತು ಎತ್ತಿದರು. ಅದು ಉಪಯೋಗಕ್ಕೆ ಬರಲಿಲ್ಲ. ಮಾರನೇ ದಿನ ಬೆಳಗ್ಗೆ ನೀರು ಬಿಟ್ಟಾಗ, ಅವರಿಗೆ ಹೇಳಿಯೇ, ಫೋನನ್ನು ಕಾಂಪೌಂಡ್ ಗೋಡೆ ಮೇಲೆ ಇಟ್ಟು ಒಳಗೆ ಹೋದೆ. ಮೂರ್ನಾಲ್ಕು ಕೊಡ ಆಗುವಷ್ಟರಲ್ಲಿ ಅವರು ಫೋನನ್ನು ಮರೆತೇಬಿಟ್ಟಿದ್ದರು.

ಅದರಲ್ಲಿ ಏನಿತ್ತು ಹೇಳ್ತೀನಿ ಕೇಳಿ. ಎರಡೂ ಕೈ ಕೊಡದ ಕಂಠ ಹಿಡಿಯುತ್ತವೆ. ಹಿಡಿದ ಮೇಲೆ 7 ಫ್ರೇಮ್ ಕೊಡ ಅಲ್ಲಾಡುವುದಿಲ್ಲ. ಅಷ್ಟು ಹೊತ್ತು ಸೊಂಟ ಹಿಂದಕ್ಕೆ ಹೋಗುತ್ತೆ, ಮೊಣಕೈ ನೆಟ್ಟಗಾಗುತ್ತೆ, ಭುಜ ಕೆಳಗೆ ಜಗ್ಗುತ್ತೆ, ಎಡಗಾಲು ಸ್ವಲ್ಪ ಹೊರಗೆ ಸರಿಯುತ್ತೆ. ಮೈಯೆಲ್ಲ ಬಿಗಿಯಾದ ಮೇಲೆ ಕೊಡ ನೆಲ ಬಿಡುತ್ತೆ, ಬಿಟ್ಟಿದ್ದು ಒಂದೇ ಏಟಿಗೆ ತೊಡೆ ತನಕ ಬರುತ್ತೆ. ಅಲ್ಲಿ ತೊಡೆ ಮೇಲೆ ಒಂದು ಕ್ಷಣ ಕೂರುತ್ತೆ. ಕೈ ಬದಲಾಗುವುದು ಅಲ್ಲೇ. ಬಲಗೈ ಕಂಠ ಬಿಟ್ಟು ತಳಕ್ಕೆ ಹೋಗುತ್ತೆ. ಆಮೇಲೆ ಮೊಣಕಾಲಿನಿಂದ ಒಂದು ನೂಕು. ಸೊಂಟ ಎಡಕ್ಕೆ ಉಬ್ಬಿ ಕೊಡದ ಕೆಳಗೆ ಬರುತ್ತೆ. ಕೊಡ ಸೊಂಟಕ್ಕೆ ಬಂತು ಅಂತ ನಾವು ಹೇಳ್ತೀವಿ, ನಿಜವಾಗಿ ಸೊಂಟವೇ ಕೊಡದ ಹತ್ತಿರ ಹೋಗಿತ್ತು. ಎದೆ ಬಲಕ್ಕೆ ವಾಲುತ್ತೆ, ಬಲಗೈ ದೂರ ಚಾಚುತ್ತೆ. ಕೊಡ ಪೂರ್ತಿ ಕೂರುವ ಮುಂಚೆಯೇ ಕಣ್ಣು ದಾರಿ ನೋಡಿ ಆಗಿತ್ತು. ಇದನ್ನು ನಾನು ಮನಸ್ಸಿನಿಂದ ಎಷ್ಟು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ.

ನಿಮ್ಮ ಕೊಡದಲ್ಲಿ ಆ 7 ಫ್ರೇಮ್ ಇಲ್ಲ ಅಂತ ನನಗೆ ಗ್ಯಾರಂಟಿ. ಕೈ ಮುಟ್ಟಿದ ತಕ್ಷಣ ಕೊಡ ಮೇಲೆ ಬಂದಿರುತ್ತೆ. ತೂಕ ಇರುವುದೇ ಆ ತಡೆಯಲ್ಲಿ.

ನಾಲ್ಕು ಫ್ರೇಮಿಗೊಂದು ಪೋಸ್ ಹಾಕುವುದನ್ನು ದಯವಿಟ್ಟು ಬಿಡಿ. ದೇಹ ನಾಲ್ಕರ ಲೆಕ್ಕದಲ್ಲಿ ನಡೆಯಲ್ಲ. ಕೊಡ ನೆಲ ಬಿಡುವ ಫ್ರೇಮ್ 33 ಆಗಿದ್ದು, ನೀವು 32ಕ್ಕೂ 36ಕ್ಕೂ ಕೀ (ಪೋಸಿನ ಗುರುತು) ಹಾಕಿದರೆ, ಮಧ್ಯದ್ದನ್ನು ಸಾಫ್ಟ್‌ವೇರ್ ತಾನೇ ತುಂಬಿ ಆ ಏಟು ಕರಗಿಹೋಗುತ್ತೆ. ಎಲ್ಲ ಚಲನೆಯೂ ಒಂದೇ ವೇಗಕ್ಕೆ ಬಂದು ನಿಲ್ಲುತ್ತೆ. ತೇಲುವುದು ಅಂತ ನೀವು ಹೇಳ್ತಿರೋದು ಇದನ್ನೇ. ವಿಡಿಯೋವನ್ನು ಬಾಣದ ಕೀಲಿ ಒತ್ತಿ ಒಂದೊಂದೇ ಫ್ರೇಮ್ ಓಡಿಸಿ. ಎಲ್ಲಿ ದಿಕ್ಕು ಬದಲಾಗುತ್ತೆ, ಎಲ್ಲಿ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುತ್ತೆ, ಎಲ್ಲಿ ಏನೂ ಆಗಲ್ಲ, ಆ ಫ್ರೇಮ್ ನಂಬರ್ ಮಾತ್ರ ಹಾಳೆ ಮೇಲೆ ಬರೆದುಕೊಳ್ಳಿ. ಪಕ್ಕದಲ್ಲಿ ಕಡ್ಡಿ ಬೊಂಬೆ ಥರ ಬೆನ್ನಿನ ಗೆರೆ, ಸೊಂಟದ ಗೆರೆ, ಭುಜದ ಗೆರೆ ಎಳೆಯಿರಿ. ಆಮೇಲೆ ವಿಡಿಯೋ ಮುಚ್ಚಿ, ಆ ಹಾಳೆ ನೋಡಿಕೊಂಡು ಕಾನ್‌ಸ್ಟಂಟ್ ಇಂಟರ್‌ಪೊಲೇಷನ್‌ನಲ್ಲಿ (ಮುಂದಿನ ಕೀ ಬರುವ ತನಕ ಪೋಸ್ ಅಲ್ಲಾಡದ ಹಾಗೆ) ಬ್ಲಾಕಿಂಗ್, ಅಂದರೆ ಮುಖ್ಯ ಪೋಸ್‌ಗಳನ್ನು ಮಾತ್ರ ಇಡುವ ಕೆಲಸ, ಮಾಡಿ. ಮೊದಲು ಸೊಂಟದ ಕಂಟ್ರೋಲ್ (ಬೊಂಬೆಯ ಸೊಂಟ ಆಡಿಸುವ ಹಿಡಿ), ಆಮೇಲೆ ಪಾದ. ಕೈ ಕೊನೆಗೆ.

ಗೆರೆ_ಮನೆ

ನಾನು 2ಡಿ ಮಾಡ್ತೀನಿ. ಗೆಳೆಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ ಅಂತ ನನ್ನ ಅಭಿಪ್ರಾಯ. ವಿಡಿಯೋ ನೋಡಿ ನೋಡಿ ಮಾಡಿದ ಕೆಲಸ ಗೊತ್ತಾಗಿಬಿಡುತ್ತೆ. ಮನುಷ್ಯರ ಚಲನೆಗೆ ಕಾರ್ಟೂನ್ ಚರ್ಮ ಹೊದಿಸಿದ ಹಾಗೆ ಇರುತ್ತೆ. ಅದರಲ್ಲೂ ಅವರ ಅಜ್ಜಿಗೆ ಕಾಲೇ ಚಿಕ್ಕದು, ನಿಮ್ಮ ಅತ್ತೆಯವರ ಪೋಸ್ ಅವಳಿಗೆ ಹೇಗೆ ಹೊಂದುತ್ತೆ?

ಕೀಫ್ರೇಮ್_ತಿಪಟೂರು

ಹೊಂದಲ್ಲ, ಅದು ನಿಜ. ಪೋಸ್ ತಗೋಬಾರದು. ಯಾವುದರ ಆಮೇಲೆ ಯಾವುದು, ಯಾವುದಕ್ಕೆ ಎಷ್ಟು ಹೊತ್ತು, ಇಷ್ಟು ಮಾತ್ರ ತಗೋಬೇಕು.

ಈ ಜಗಳ ಹಳೆಯದು. ಮ್ಯಾಕ್ಸ್ ಫ್ಲೈಷರ್ ಎಂಬ ಆ್ಯನಿಮೇಟರ್ ರೋಟೋಸ್ಕೋಪ್‌ಗೆ (ಶೂಟ್ ಮಾಡಿದ ಫಿಲ್ಮಿನ ಮೇಲೆ ಚಿತ್ರ ಬಿಡಿಸುವ ಸಾಧನ) ಪೇಟೆಂಟ್ ಪಡೆದದ್ದು 1917ರಲ್ಲಿ. ತಮ್ಮನಾದ ಡೇವ್‌ಗೆ ವಿದೂಷಕನ ಬಟ್ಟೆ ಹಾಕಿಸಿ, ಶೂಟ್ ಮಾಡಿ, ಒಂದೊಂದೇ ಫ್ರೇಮಿನ ಮೇಲೆ ಬಿಡಿಸಿದರು. ಕೋಕೋ ಅನ್ನುವ ಪಾತ್ರ ಹುಟ್ಟಿದ್ದು ಹಾಗೆ. 1937ರ ಸ್ನೋ ವೈಟ್‌ಗೆ ಡಿಸ್ನಿಯವರು ಮಾರ್ಜ್ ಚಾಂಪಿಯನ್ ಎಂಬ ನರ್ತಕಿಯನ್ನು ಕ್ಯಾಮೆರಾ ಮುಂದೆ ಆಡಿಸಿದ್ದರು. ಆದರೆ ಸ್ನೋ ವೈಟ್‌ಳ ತಲೆ ದೊಡ್ಡದು, ಮೈ ಚಿಕ್ಕದು. ನಿಜವಾದ ಹುಡುಗಿಯ ಅಳತೆ ಅವಳಿಗೆ ಹಾಗೇ ಕೂರಲ್ಲ. ಕಲಾವಿದರು ಆ ಚಲನೆಯನ್ನು ಅವಳ ಮೈಗೆ ಒಗ್ಗಿಸಬೇಕಾಯಿತು. ಮೈಸೂರಿನವರ ಅಜ್ಜಿಗೂ ಅದೇ ಕೆಲಸ ಬೇಕು.

ಕಣ್ಣಿಗೆ ಎಷ್ಟು ತಪ್ಪಿಹೋಗುತ್ತೆ ಅಂದರೆ, ಓಡುವ ಕುದುರೆಯನ್ನು ಚಿತ್ರಕಾರರು ನಾಲ್ಕೂ ಕಾಲು ಹಿಂದಕ್ಕೆ ಮುಂದಕ್ಕೆ ಚಾಚಿ ಗಾಳಿಯಲ್ಲಿರುವಂತೆ ಬಿಡಿಸುತ್ತಿದ್ದರು. 1878ರಲ್ಲಿ ಮೈಬ್ರಿಜ್ ಎಂಬ ಫೋಟೋಗ್ರಾಫರ್ ಕ್ಯಾಲಿಫೋರ್ನಿಯಾದಲ್ಲಿ 12 ಕ್ಯಾಮೆರಾ ಸಾಲಾಗಿಟ್ಟು ಫೋಟೋ ತೆಗೆದಾಗ ಗೊತ್ತಾಯ್ತು: ನಾಲ್ಕೂ ಕಾಲು ನೆಲ ಬಿಡುವುದು ಹೌದು, ಆದರೆ ಅವು ಹೊಟ್ಟೆ ಕೆಳಗೆ ಮಡಚಿಕೊಂಡಿದ್ದಾಗ. ದಿನಾ ಕುದುರೆ ನೋಡುವವರಿಗೇ ಇದು ಕಂಡಿರಲಿಲ್ಲ.

ಕುಳ್ಳಿ ಅಜ್ಜಿಗೆ ಹೀಗೆ ಮಾಡಿ. ಅವಳ ತೊಡೆ ಅಷ್ಟು ಮೇಲಿಲ್ಲ, ಹಾಗಾಗಿ ತೊಡೆಯ ನಿಲುಗಡೆ ಹೊಟ್ಟೆ ಮೇಲಾಗಲಿ. ಬೆನ್ನು ಇನ್ನೂ ಹಿಂದಕ್ಕೆ ಬಾಗಲಿ. 7 ಫ್ರೇಮ್ ಬದಲು 10 ಹಿಡಿಯಿರಿ, ನೆಲ ಬಿಡುವ ಏಟನ್ನು ಇನ್ನೂ ಚುರುಕು ಮಾಡಿ. ಎಳೆದು ದೊಡ್ಡದು ಮಾಡುವುದು ನಿಮ್ಮ ಕೈಚಳಕ. ಅದಕ್ಕೆ ಮೊದಲು ಯಾವುದನ್ನು ಎಳೆಯಬೇಕು ಅಂತ ಗೊತ್ತಿರಬೇಕಲ್ವಾ, ಅದಕ್ಕೇ ವಿಡಿಯೋ.

ಗೆರೆ_ಮನೆ

ಹೊಟ್ಟೆ ಮೇಲಿನ ನಿಲುಗಡೆ ಒಳ್ಳೇದಿದೆ. ಅದು ಯಾವ ವಿಡಿಯೋದಲ್ಲೂ ಸಿಗಲ್ಲ. ಒಪ್ಪಿದೆ.

ಮೈಸೂರು_ಫ್ರೇಮ್ಸ್

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಶಾಟ್ ತೆರೆದು ನೋಡಿದೆ. ಕೈ ಕಂಠ ಮುಟ್ಟಿದ ಮುಂದಿನ ಫ್ರೇಮಿನಲ್ಲೇ ಕೊಡ ಮೇಲೆ ಹೊರಟಿದೆ! ವಾರಾಂತ್ಯಕ್ಕೆ ಊರಿಗೆ ಹೋಗ್ತಿದ್ದೀನಿ, ನಮ್ಮ ದೊಡ್ಡಮ್ಮನ ಮನೆಯಲ್ಲಿ ಈಗಲೂ ಕೊಡದಲ್ಲೇ ನೀರು ತರೋದು. ಫೋನ್ ಎಲ್ಲಿ ಇಡಲಿ? ರೂಮಿನ ವಿಡಿಯೋದಲ್ಲಿ ಬೆರಳೆಲ್ಲ ಮಸುಕಾಗಿತ್ತು, ಅದಕ್ಕೇನು ಮಾಡಲಿ?

ಕೀಫ್ರೇಮ್_ತಿಪಟೂರು

ದೊಡ್ಡಮ್ಮನನ್ನು ಮೊದಲೇ ಕೇಳಿ, ವಿಡಿಯೋ ಎಲ್ಲೂ ಹಾಕಲ್ಲ ಅಂತಲೂ ಹೇಳಿ. ಬೆಳಗಿನ ಬಿಸಿಲಲ್ಲಿ, ಹೊರಗೆ ತೆಗೆಯಿರಿ. ಬೆಳಕು ಜಾಸ್ತಿ ಇದ್ದಷ್ಟೂ ಬೆರಳು ಸ್ಪಷ್ಟ. ಸ್ಲೋ ಮೋಷನ್ 120 ಇದ್ದರೆ ಅದನ್ನೇ ಹಾಕಿ. ಐದು ಫ್ರೇಮಿಗೊಂದು ತೆಗೆದರೆ ಸರಿಯಾಗಿ 24 ಆಗುತ್ತೆ. ಆದರೆ ನಿಧಾನ ಮಾಡಿದ ವಿಡಿಯೋ ನೋಡಿ ಟೈಮಿಂಗ್ ತೀರ್ಮಾನ ಮಾಡಬೇಡಿ. ಫೋನ್ ಹತ್ತಿರ ಇಡಬೇಡಿ, ಅಗಲದ ಲೆನ್ಸ್‌ನಲ್ಲಿ ಮುಂದಿರುವ ಕೈ ದಪ್ಪ, ಕಾಲು ಸಣ್ಣ ಕಾಣುತ್ತೆ. ದೂರ ಇಟ್ಟು 2ಎಕ್ಸ್‌ನಲ್ಲಿ, ಸೊಂಟದ ಎತ್ತರಕ್ಕೆ. ಇನ್ನೊಂದು ಫೋನ್ ಸಿಕ್ಕರೆ ಒಂದು ನಿಮ್ಮ ಶಾಟಿನ ಆ್ಯಂಗಲ್‌ನಲ್ಲಿ, ಇನ್ನೊಂದು ಪಕ್ಕದಿಂದ. ಎರಡೂ ಓಡುತ್ತಿರುವಾಗ ಒಂದು ಚಪ್ಪಾಳೆ ತಟ್ಟಿ, ಆಮೇಲೆ ಹೊಂದಿಸಲು ಸುಲಭ. ಪಾದ ಫ್ರೇಮಿನೊಳಗೆ ಇದೆಯಾ ನೋಡಿಕೊಳ್ಳಿ, ಜನ ಅದನ್ನೇ ಕತ್ತರಿಸಿಬಿಡ್ತಾರೆ. ಎತ್ತುವ ಮುಂಚಿನ ಎರಡು ಸೆಕೆಂಡ್, ಇಟ್ಟ ಮೇಲಿನ ಎರಡು ಸೆಕೆಂಡ್ ಕೂಡ ಇರಲಿ.

ಬ್ಲಾಕಿಂಗ್ ಆದಮೇಲೆ ಇಲ್ಲೇ ಹಾಕಿ. ಸ್ಪ್ಲೈನ್ ಮಾಡುವ (ಪೋಸ್‌ಗಳ ನಡುವೆ ಚಲನೆ ನುಣುಪಾಗಿಸುವ) ಮುಂಚೆ ಸೊಂಟದ ಕರ್ವ್ (ಚಲನೆಯ ಗ್ರಾಫ್) ಒಂದನ್ನೇ ಸ್ಕ್ರೀನ್‌ಶಾಟ್ ತೆಗೆದು ಜೊತೆಗಿಡಿ, ನೋಡಿ ಹೇಳ್ತೀನಿ.